ಗಿಡ್ಡ ಗೆರೆ

ಒಗೆದ ಬಟ್ಟೆ ಮಡಚುತ್ತಿದ್ದೆ. ಮಗಳು ಬಂದು ಬಾಗಿಲಲ್ಲೇ ನಿಂತಳು. ಮೈಮೇಲೆ ಇನ್ನೂ ಲ್ಯಾಬಿನ ಬಿಳಿ ಕೋಟು. ಮಧ್ಯಾಹ್ನ ಎರಡು ಗಂಟೆ. ಆ ಹೊತ್ತಿಗೆ ಎಂದೂ ಮನೆಗೆ ಬಂದವಳಲ್ಲ.

"ಯಾಕೆ ಗುಬ್ಬಿ, ಜ್ವರಾನಾ?"

"ಅಮ್ಮಾ, ನನ್ನ ಪಿಎಚ್‌ಡಿ ಪ್ರಬಂಧ ಸುಳ್ಳು."

ಕಡಲೆ ಗಿಡವನ್ನು ಕುಳ್ಳಾಗಿಸುವ ಒಂದು ವೈರಸ್ಸಿನ ಹಿಂದೆ ಅವಳು ಬಿದ್ದು ಮೂರು ವರ್ಷ. ಅದರ ಡಿಎನ್‌ಎ ಗಿಡದೊಳಗೆ ಹೊಕ್ಕು ಆರ್‌ಎನ್‌ಎ ಎಂಬ ನಕಲು ಬರೆಸುತ್ತದೆ. ಇಂಥ ಕೆಲವು ವೈರಸ್‌ಗಳ ನಕಲಿನಲ್ಲಿ ನಡುವಿನ ತುಂಡು ಕತ್ತರಿಸಿಹೋಗಿ, ತುದಿಗಳು ಕೂಡಿಕೊಳ್ಳುತ್ತವೆ. ತನ್ನದರಲ್ಲಿ ಹಾಗಾಗುವುದಿಲ್ಲ ಎಂಬುದೇ ಅವಳ ಪ್ರಬಂಧ. "ನಮ್ಮದು ಸೋಮಾರಿ ದರ್ಜಿ ಅಮ್ಮ, ಕತ್ತರಿ ಮುಟ್ಟೋದೇ ಇಲ್ಲ" ಎಂದು ನಗಿಸುತ್ತಿದ್ದಳು. ಸೋಮವಾರ ಪರೀಕ್ಷಕರ ಮುಂದೆ ಅದನ್ನೇ ಹೇಳಬೇಕಿತ್ತು.

ಕೂರಿಸಿ ನೀರು ಕೊಟ್ಟೆ. ಅರ್ಧ ಕುಡಿದು, ಲೋಟ ಹಿಡಿದೇ ಹೇಳತೊಡಗಿದಳು.

"ಆರ್‌ಎನ್‌ಎ ಜೊತೆ ವೈರಸ್ಸಿನ ಡಿಎನ್‌ಎನೂ ಬಂದುಬಿಡುತ್ತೆ. ಅದನ್ನ ತಿಂದುಹಾಕೋಕೆ ಒಂದು ಕಿಣ್ವ ಹಾಕ್ತೀವಿ. ಇವತ್ತು ಹಳೇ ಬಾಟಲಿ ಮುಗೀತು, ಹೊಸದು ತೆಗೆದೆ. ಅದೇ ಸ್ಯಾಂಪಲ್ ಅಮ್ಮ. ಪರೀಕ್ಷೇಲಿ ಪೂರ್ತಿ ಉದ್ದದ ತುಂಡು ಮೇಲೆ ಗೆರೆಯಾಗಿ ಕಾಣುತ್ತೆ, ಕತ್ತರಿಸಿದ್ದು ಕೆಳಗೆ. ಉದ್ದದ ಗೆರೆ ಮಾಯ! ಕೆಳಗಡೆ ಗಿಡ್ಡ ಗೆರೆ."

"ಅಂದ್ರೆ?"

"ಹಳೇ ಕಿಣ್ವ ಸತ್ತೇ ಹೋಗಿತ್ತು. ಇಷ್ಟು ದಿನ ನಾನು ನೋಡ್ತಿದ್ದದ್ದು ಬರೀ ಡಿಎನ್‌ಎ, ಅದು ಯಾವಾಗಲೂ ಪೂರ್ತಿ ಉದ್ದಾನೇ. ಆರ್‌ಎನ್‌ಎ ಕತ್ತರಿಸಿಹೋಗ್ತಾನೇ ಇತ್ತು."

ನನ್ನ ಬಾಯಿಂದ ಹೊರಟ ಮಾತು ಇದು: "ಯಾರಾದ್ರೂ ನೋಡಿದ್ರಾ?"

ಮಗಳು ಲೋಟ ಕೆಳಗಿಟ್ಟು ನನ್ನನ್ನೇ ನೋಡಿದಳು. ಚಿಕ್ಕವಳಿದ್ದಾಗ ಒಡೆದ ಬಟ್ಟಲು ಬಚ್ಚಿಟ್ಟಳೆಂದು ಇಡೀ ದಿನ ಅವಳೊಂದಿಗೆ ಮಾತು ಬಿಟ್ಟವಳು ನಾನು.

"ಯಾರೂ ನೋಡಿಲ್ಲ. ಅದಕ್ಕೇ ಓಡಿಬಂದೆ. ನೀನು ಬೈತೀಯ, ಹೋಗಿ ಹೇಳು ಅಂತೀಯ ಅಂದ್ಕೊಂಡಿದ್ದೆ."

"ಹೇಳು," ಎಂದೆ ಕಡೆಗೆ. "ನಿನ್ನ ಗೈಡ್ ಮೇಡಂಗೆ ಈಗಲೇ ಫೋನ್ ಮಾಡು."

ಮಾಡಿದಳು. ಎಲ್ಲ ಹೇಳಿದ ಮೇಲೆ ಸ್ಪೀಕರಿನಲ್ಲಿ ಮೇಡಂ ದನಿ ಕೇಳಿಸಿತು.

"ಕಿಣ್ವ ಕೆಲಸ ಮಾಡಿದೆಯಾ ಅಂತ ತಿಳಿಯೋ ಟ್ಯೂಬ್ ಎಷ್ಟು ಸಲ ಇಟ್ಟಿದ್ದೆ?"

"ಮೊದಲನೇ ತಿಂಗಳು ಮಾತ್ರ, ಮೇಡಂ. ಆಗ ಸರಿಯಾಗಿತ್ತು ಅಂತ ಬಿಟ್ಬಿಟ್ಟೆ."

"ಅಯ್ಯೋ ದೇವರೇ. ಕೇಳದೆ ಪ್ರಬಂಧಕ್ಕೆ ಸಹಿ ಹಾಕಿದೆನಲ್ಲ ನಾನು! ಸೋಮವಾರದ್ದು ರದ್ದು ಮಾಡಿಸ್ತೀನಿ. ಬಾ, ಇನ್ನೊಂದ್ಸಲ ಮಾಡಿ ನೋಡೋಣ."

ಮಗಳು ಎದ್ದಳು. "ಇನ್ನೂ ಒಂದು ವರ್ಷ ಹಿಡಿಯುತ್ತಮ್ಮ."

ತಬ್ಬಿಕೊಳ್ಳಲು ಕೈ ಚಾಚಿದೆ. ಅವಳೇ ಬಂದು ಗಟ್ಟಿಯಾಗಿ ಹಿಡಿದುಕೊಂಡಳು.