ಗೋಡೆಯ ದಪ್ಪ

ಗಂಡನ ದೇಹದ ಮೇಲೆ ಬಾಗಿದ್ದ ತಂಗಿಯನ್ನು ಅಕ್ಕ ಎರಡೂ ಭುಜ ಹಿಡಿದು ಹಿಂದಕ್ಕೆಳೆದಳು.

"ಅಳಬೇಡ್ವೇ! ತಲೆಯ ನರ ಒಡೆದ್ರೆ ಏನು ಗತಿ? ನಿಮ್ಮೆಜಮಾನ್ರೇ ಎಷ್ಟು ಸಲ ಹೇಳಿಲ್ಲ?"

ತಂಗಿ ತುಟಿ ಕಚ್ಚಿಕೊಂಡು ಗೋಡೆಗೊರಗಿದಳು. ಗಂಡ ಹೇಳಿಕೊಟ್ಟಂತೆ ಮೂಗಿನಲ್ಲಿ ಮೆಲ್ಲಗೆ ಉಸಿರೆಳೆದು ಬಾಯಲ್ಲಿ ಬಿಟ್ಟಳು. ಹದಿನೆಂಟು ವರ್ಷದ ಅಭ್ಯಾಸ. ತುಂಬಿದ ಬಕೆಟ್ ಎತ್ತಿದವಳಲ್ಲ, ಜೋರಾಗಿ ನಕ್ಕವಳಲ್ಲ. ನಗು ತಡೆಯದಾದಾಗ ಗಂಡನೇ "ಸಾಕು, ಸಾಕು" ಎಂದು ಬೆನ್ನು ಸವರುತ್ತಿದ್ದ. ಮಗು ಬೇಡವೆಂದು ಇಬ್ಬರೂ ತೀರ್ಮಾನಿಸಿದ್ದೂ ಅದಕ್ಕೇ. ಈಗ ನೋಡಿದರೆ, ನಿನ್ನೆ ಬಸ್ಸಿಗೆ ಕಾಯುತ್ತಾ ಎದೆ ಹಿಡಿದುಕೊಂಡು ಕುಸಿದವನು ಅವನು.

ಬಾಗಿಲ ಬಳಿ ನಿಂತಿದ್ದ, ತೀರಿಕೊಂಡವನ ಕಚೇರಿಯ ಗೆಳೆಯನನ್ನು ಪಕ್ಕದ ಮನೆಯಾತ ಮೆಲ್ಲಗೆ ಕೇಳಿದ: "ಅಲ್ಲ, ಇವರ ಕೆಲಸ ಅಂದ್ರೆ ಏನಾಗಿತ್ತು?"

"ಹಾಲಿನ ಪ್ಯಾಕೆಟ್ ಒಂದು ಕಡೆ ಒತ್ತಿದ್ರೆ ಇನ್ನೊಂದು ಕಡೆ ಉಬ್ಬತ್ತಲ್ಲ? ಉಬ್ಬಿದ ಮೇಲೆ ಒಳಗಿನ ಹಾಲು ಮತ್ತೆ ಬೇರೆ ಥರ ಹರಿಯತ್ತೆ. ಎಲ್ಲಿ ಒಡೆಯತ್ತೆ ಅಂತ ಕಂಪ್ಯೂಟರಲ್ಲೇ ಮಾಡಿ ನೋಡೋದು. ರಬ್ಬರ್ ಕೊಳವೆ, ನೀರಿನ ಚೀಲ, ಅಂಥವು. ಆಫೀಸಲ್ಲಿ ಬಲೂನ್ ಸಾರ್ ಅಂತಿದ್ವಿ."

"ಪ್ಯಾಕೆಟ್ ಒಡೆಯೋದಕ್ಕೂ ಒಂದು ಆಫೀಸಾ!"

ಗೆಳೆಯನಿಗೆ ನಗು ಬರಲಿಲ್ಲ.

*

ಮದುವೆಯಾದ ಎರಡನೇ ವರ್ಷ ಆಕೆಯ ಮಿದುಳಿನ ರಕ್ತನಾಳದಲ್ಲೊಂದು ಉಬ್ಬು ಕಂಡಿತ್ತು. ಸಣ್ಣದು, ವರ್ಷಕ್ಕೊಮ್ಮೆ ನೋಡೋಣ ಎಂದಿದ್ದರು ಡಾಕ್ಟರು. ಅಷ್ಟಕ್ಕೇ ಸುಮ್ಮನಾಗುವ ಆಸಾಮಿಯೇ ಗಂಡ? ಡಾಕ್ಟರಿಗೇನು ಗೊತ್ತು, ಒತ್ತಡದ ಲೆಕ್ಕ ನನ್ನದು ಎಂದು ಸ್ಕ್ಯಾನ್ ಚಿತ್ರಗಳನ್ನು ಕಚೇರಿಗೆ ತಂದ. ಹೆಂಡತಿಯ ನಾಳವನ್ನೇ ಕಂಪ್ಯೂಟರಿನಲ್ಲಿ ಕಟ್ಟಿ ರಕ್ತ ಹರಿಸಿದ. ಒತ್ತಡವನ್ನು ಕೊಂಚ ಏರಿಸಿದರೆ ಸಾಕು, ಉಬ್ಬು ಒಡೆಯುತ್ತಿತ್ತು.

ಏಳು ವರ್ಷದ ಹಿಂದೆ, ಬೇರೇನನ್ನೋ ಹುಡುಕುತ್ತಾ ಆ ಹಳೆಯ ಫೈಲು ತೆರೆದ ಗೆಳೆಯ ಒಂದು ಅಂಕಿಯ ಮೇಲೆ ಬೆರಳಿಟ್ಟ. ನಾಳದ ಗೋಡೆಯ ದಪ್ಪ. ದಶಮಾಂಶದ ಚುಕ್ಕೆ ಒಂದು ಸ್ಥಾನ ಜಾರಿ, ಗೋಡೆ ಇರುವುದಕ್ಕಿಂತ ಹತ್ತು ಪಟ್ಟು ತೆಳುವಾಗಿತ್ತು. ಸರಿಪಡಿಸಿ ಮತ್ತೆ ಓಡಿಸಿದರು. ಒತ್ತಡ ದುಪ್ಪಟ್ಟಾದರೂ ಉಬ್ಬು ಅಲುಗಾಡಿತೇ ಹೊರತು ಒಡೆಯಲಿಲ್ಲ.

ಗಂಡ ಫೈಲು ಮುಚ್ಚಿದ. "ಅವಳಿಗೆ ಹೇಳ್ಬೇಡ" ಎಂದ.

"ಹೇಳ್ದೇ ಇರೋದಾ? ಅತ್ತಿಗೆ ಇನ್ನಾದ್ರೂ ನೆಮ್ಮದಿಯಾಗಿರ್ಲಿ."

"ನಲವತ್ನಾಲ್ಕು ಕಣೋ ಅವಳಿಗೆ. ಈಗ ಹೇಳಿ, ಮಗು ತಂದುಕೊಡ್ಲಾ?"

*

ಗಾಡಿ ಬಂತು. ನಾಲ್ವರು ದೇಹ ಎತ್ತಿದರು. ಆಕೆ ಎದ್ದು ಗೆಳೆಯನ ಬಳಿಗೆ ಬಂದಳು.

"ನೀವೂ ಅವರ ಜೊತೆ ಅದೇ ಕೆಲಸ ಮಾಡಿದವರು. ಅವರ ಲೆಕ್ಕದ ಪ್ರಕಾರ, ಒಂದ್ಸಲ ಅತ್ರೆ ತಡ್ಕೊಳ್ಳತ್ತಾ?"

ಎಲ್ಲವೂ ಅವನ ನಾಲಿಗೆಯ ತುದಿಗೆ ಬಂತು. ಹೇಳಿಬಿಟ್ಟರೆ ಆಕೆಗೆ ಅಳು ಸಿಗುತ್ತಿತ್ತು, ಗಂಡ ಇನ್ನೊಂದು ಸಲ ಸಾಯುತ್ತಿದ್ದ.

"ತಡ್ಕೊಳ್ಳತ್ತೆ ಅತ್ತಿಗೆ."

"ಎಷ್ಟು ಹೊತ್ತು?"

"ಐದು ನಿಮಿಷ."

ಆಕೆ ಗೋಡೆಯ ಗಡಿಯಾರ ನೋಡಿದಳು. ಹನ್ನೊಂದು ಇಪ್ಪತ್ತು. "ಸ್ವಲ್ಪ ಇಳಿಸಿ" ಎಂದು, ಗಂಡನ ಎದೆಗೆ ತಲೆಯಿಟ್ಟು ಅತ್ತಳು. ಅತ್ತು ಅಭ್ಯಾಸವಿಲ್ಲದ ಗಂಟಲು ಕೀರಲಾಗಿ ಕೂಗಿತು. ನಡುನಡುವೆ ತಲೆಯೆತ್ತಿ ಗಡಿಯಾರ ನೋಡುತ್ತಿದ್ದಳು.

ಹನ್ನೊಂದು ಇಪ್ಪತ್ತೈದಕ್ಕೆ ನಿಲ್ಲಿಸಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು, ಮೂಗಿನಲ್ಲಿ ಉಸಿರೆಳೆದು ಬಾಯಲ್ಲಿ ಬಿಟ್ಟಳು.

"ಆಯ್ತು, ಎತ್ತಿ" ಎಂದಳು.