ಕಣ್ಣೀರ ಸುಳಿ

ಶಾಮೀದಸಾಬನ ಬೆರಳು ಕುದುರೆಯ ಎಡಗಣ್ಣಿನ ಕೆಳಗೆ ಬಂದು ನಿಂತಿತು. ಹಲ್ಲು, ಗೊರಸು, ಬೆನ್ನು ಎಲ್ಲ ನೋಡಿ ತಲೆಯಾಡಿಸಿದ್ದವನು ಈಗ ಕನ್ನಡಕ ಏರಿಸಿಕೊಂಡು ಬಗ್ಗಿದ.

"ಸಾವ್ಕಾರ್ರ, ಇಲ್ಲಿ ನೋಡ್ರಿ. ಕಣ್ಣೀರ ಸುಳಿ ಅದ."

ಮಾನ್ವಿಯ ವಿರೂಪಣ್ಣ ಹತ್ತಿರ ಬರುವ ಬದಲು ಒಂದು ಹೆಜ್ಜೆ ಹಿಂದೆ ಸರಿದ. ಮದುವೆ ಮೆರವಣಿಗೆಗೆ ಬಾಡಿಗೆ ಕೊಡಲು ಅವನಿಗೊಂದು ಬಿಳಿ ಕುದುರೆ ಬೇಕಾಗಿತ್ತು. ರಾಯಚೂರಿನ ಗುಲಾಮ್ ರಸೂಲನ ಮನೆಯಲ್ಲಿ ಕಾಠೇವಾಡಿ ತಳಿಯದೊಂದು ಇದೆಯೆಂದು ಕೇಳಿ, ಕೂದಲಿನ ಸುಳಿ ನೋಡಿ ಒಳಿತು ಕೆಡುಕು ಹೇಳುವ ಶಾಮೀದಸಾಬನನ್ನು ಜೊತೆಗೆ ಕರೆತಂದಿದ್ದ. ಒಳಕ್ಕೆ ಬಾಗಿ ತುದಿಗೆ ತುದಿ ತಾಗುವ ಕಿವಿಗಳನ್ನು ಕಂಡವನೇ ಮೂರು ಸಾವಿರಕ್ಕೆ ಒಪ್ಪಿದ್ದ. ಆದರೆ ತಳಿ ಏರಿಸಿದ ಬೆಲೆಯನ್ನು ಆ ಸೀಮೆಯಲ್ಲಿ ಸುಳಿ ಇಳಿಸುತ್ತಿತ್ತು. ಕಣ್ಣಿನ ಕೆಳಗೆ ಸುಳಿಯಿದ್ದರೆ ಸಾಕಿದವರ ಮನೆಯಲ್ಲಿ ಅಳು ತಪ್ಪದು ಎಂದು ಎಲ್ಲರೂ ನಂಬಿದ್ದರು.

"ಮದುಮಗ ಇದರ ಮ್ಯಾಲೆ ಕುಂತು ಅಳಕೋತ ಹೋಗ್ಬೇಕೇನು? ಮದುವಿ ಆದಮ್ಯಾಲೆ ಹೆಂಗೂ ಅಳೂದು ಅದ!" ವಿರೂಪಣ್ಣ ತಾನೇ ನಕ್ಕ. "ಎಂಟುನೂರು ಕೊಡ್ತೀನಿ. ಇಟ್ಟಂಗಿ ಭಟ್ಟಿ ಬಂಡಿಗಿ ಹೂಡ್ತೀನಿ."

"ಅರಕೇರಾ ಸಂತ್ಯಾಗ ಇದು ಮರಿ ಇದ್ದಾಗ ನೀವ ನೋಡೀರಿ, ಭಾಯಿ," ಎಂದ ಗುಲಾಮ್ ರಸೂಲ್. "ಒಂದೂ ಕೆಟ್ಟ ಸುಳಿ ಇಲ್ಲಂದ್ರಿ."

"ಅವಾಗ ಕಂಡಿದ್ದಿಲ್ಲ. ಈಗ ಕಾಣ್ತದ." ಶಾಮೀದಸಾಬ ದನಿ ತಗ್ಗಿಸಿದ. "ನಿನ್ನ ಮನ್ಯಾಗ ಏನಾತು ಅನ್ನೂದು ನಾ ಹೇಳ್ಬೇಕೇನಪ?"

ಗುಲಾಮ್ ರಸೂಲನ ಒಬ್ಬನೇ ಮಗ ಮೀರಾಹುಸೇನ ಕಾಮಣಿ ಬೇನೆಯಿಂದ ತೀರಿಕೊಂಡಿದ್ದ. ನಲವತ್ತನೆಯ ದಿನದ ಫಾತಿಹಾ ಮುಗಿದು ವಾರವಾಗಿತ್ತು. ಕುದುರೆಯನ್ನು ಸಾಕಿದವನೂ ಮದುವೆಗಳಿಗೆ ಹಿಡಿದುಕೊಂಡು ಹೋಗುತ್ತಿದ್ದವನೂ ಅವನೇ. ಮಂಡಿನೋವಿನ ತಂದೆಯಿಂದ ಅದು ಆಗದು. ಕೊಟ್ಟವನೇ ಕರೆದುಕೊಂಡ ಎಂದು ಗುಲಾಮ್ ರಸೂಲ್ ಐದು ಹೊತ್ತಿನ ನಮಾಜಿನಲ್ಲೂ ಮನಸ್ಸಿಗೆ ಹೇಳುತ್ತಿದ್ದ. ಇವರು ಆ ಸಾವಿನ ಕಾರಣವನ್ನು ಕುದುರೆಯ ಮುಖದಲ್ಲಿ ತೋರಿಸುತ್ತಿದ್ದರು.

"ಅದು ಸುಳಿ ಅಲ್ರಿ." ಬಾಗಿಲ ಪರದೆಯ ಹಿಂದಿನಿಂದ ಹೆಂಡತಿ ಖಾಸಿಂ ಬೀಯ ದನಿ ಬಂತು. "ನನ್ನ ಮಗ ದಿನಾ ಹೆಬ್ಬೆಟ್ಟಿಲೆ ಅಲ್ಲೇ ತಿಕ್ಕತಿದ್ದ. ತಿಕ್ಕದಿದ್ರ ಅದು ಮೇವು ಮುಟ್ಟತಿದ್ದಿಲ್ಲ. ತಿಕ್ಕಿ ತಿಕ್ಕಿ ಕೂದ್ಲಾ ಹಂಗ ತಿರುಗ್ಯಾವ."

ಶಾಮೀದಸಾಬ ತುಸು ಯೋಚಿಸಿದ. "ಹಂಗಾದ್ರ ನೀರು ಹಚ್ಚಿ ಕೆಳಮುಖ ತಿಕ್ಕು. ಹುಟ್ಟುಸುಳಿ ಇದ್ರ ಮತ್ತ ತಿರುಗ್ತದ. ಕೈಯಿಂದ ಆಗಿದ್ರ ಅಳಿಸಿ ಹೋಗ್ತದ."

ಪರದೆ ಅಲುಗಿತು. "ಬ್ಯಾಡ್ರಿ. ಅವನದು ಅದೊಂದ ಉಳಿದದ."

ಗುಲಾಮ್ ರಸೂಲ್ ಮಾನ್ವಿ ರಸ್ತೆಯಲ್ಲಿ ಭಟ್ಟಿಯ ಕುದುರೆಗಳನ್ನು ನೋಡಿದ್ದ. ಅವುಗಳ ಬೆನ್ನಿನ ಹುಣ್ಣುಗಳನ್ನೂ ನೋಡಿದ್ದ.

"ಎಂಟುನೂರಿನ ಕುದುರಿಗಿ ಯಾರು ಕಡ್ಲಿ ಹಾಕ್ತಾರ, ಹೇಳು?" ಎಂದು ಪರದೆಯ ಕಡೆ ನೋಡದೆ ಕೇಳಿದ.

ಅವನು ಬಲಗೈಯನ್ನು ನೀರಿನಲ್ಲಿ ಅದ್ದಿ, ಬಿಸ್ಮಿಲ್ಲಾ ಎಂದು, ಹೆಬ್ಬೆರಳನ್ನು ಕಣ್ಣಿನ ಕೆಳಗಿಟ್ಟ. ಕುದುರೆ ಕಣ್ಣು ಮುಚ್ಚಿ ಮುಖದ ಭಾರವನ್ನೆಲ್ಲ ಅವನ ಅಂಗೈಗೆ ಬಿಟ್ಟಿತು. ಅವನು ತಿಕ್ಕಿದ. ಕೂದಲು ನೆಟ್ಟಗೆ ಕೆಳಮುಖವಾಗಿ ಮಲಗಿತು. ಬಿಸಿಲಿಗೆ ಒಣಗುವವರೆಗೂ ಮೂವರೂ ಕಾದರು. ಅದು ಮತ್ತೆ ತಿರುಗಲಿಲ್ಲ.

"ಸುಳಿ ಇಲ್ಲ," ಎಂದ ಶಾಮೀದಸಾಬ.

ವಿರೂಪಣ್ಣ ಮೂರು ಸಾವಿರ ಕೊಟ್ಟ. ಈಗ ಹಿಂದೆ ಸರಿಯಲಿಲ್ಲ. ತನ್ನ ಹೆಗಲ ಮೇಲಿನ ವಲ್ಲಿಯಿಂದಲೇ ಕುದುರೆಯ ಮುಖ ಒರೆಸಿ, "ಬಾ ಯವ್ವಾ, ನೆರಳು ನೋಡಿಕೊಂಡು ಹೋಗಾಣು," ಎಂದು ಮೆಲ್ಲಗೆ ನಡೆಸಿಕೊಂಡು ಹೋದ.

ಅಸರ್ ನಮಾಜಿನ ಬಾಂಗು ಕೇಳಿಸಿತು. ನಮಾಜಿಗೆ ಮೊದಲು ಕೈ ಮುಖ ತೊಳೆದು ವಜೂ ಮಾಡಲು ಗುಲಾಮ್ ರಸೂಲ್ ಬಚ್ಚಲ ಕಲ್ಲಿನ ಮೇಲೆ ಕುಳಿತ. ಖಾಸಿಂ ಬೀ ನೀರು ತಂದಿಟ್ಟು ಅಲ್ಲೇ ನಿಂತಳು. ಅವನು ಎಡಗೈಯಲ್ಲಿ ತಂಬಿಗೆ ಎತ್ತಿಕೊಂಡ. ಬಲಗೈಯ ಹೆಬ್ಬೆರಳಿಗೆ ಮೂರು ಬಿಳಿಕೂದಲು ಅಂಟಿಕೊಂಡಿದ್ದವು.

ಬಾಂಗು ಮುಗಿಯಿತು. ತಂಬಿಗೆ ಬಾಗಲಿಲ್ಲ.