ಗೇಜಿನ ಮೇಲಿನ ಗೆರೆ

ಹೊಳಲ್ಕೆರೆ ಬಸ್ ಸ್ಟ್ಯಾಂಡಿನ ಎದುರು ಸಾಲಿನಲ್ಲಿ ಶೆಡ್ ಇಟ್ಟುಕೊಂಡಿದ್ದ ಮೆಕ್ಯಾನಿಕ್ ಹನುಮೇಶನ ಬಾಯಿಂದ ಇಪ್ಪತ್ತೆಂಟು ವರ್ಷಗಳಲ್ಲಿ ಒಂದು ಮಾತು ಮಾತ್ರ ಹೊರಟಿರಲಿಲ್ಲ. 'ನನಗೆ ಗೊತ್ತಿಲ್ಲ' ಅನ್ನುವ ಮಾತು. ಲಾರಿ ಬರಲಿ, ಟ್ರ್ಯಾಕ್ಟರ್ ಬರಲಿ, ಹೊಸದುರ್ಗದ ಕಡೆಯಿಂದ ತೆಂಗಿನಕಾಯಿ ಹೇರಿಕೊಂಡು ಟೆಂಪೋ ಕುಂಟುತ್ತಾ ಬರಲಿ, ಗಾಡಿ ಒಳಗೆ ಬರುವಾಗಲೇ ತಲೆ ವಾಲಿಸಿ ಶಬ್ದ ಕೇಳಿ, ಮೂಗಿಗೆ ಎರಡು ಸಲ ವಾಸನೆ ಎಳೆದುಕೊಂಡು, ಇಂಥದ್ದೇ ಹೋಗಿದೆ ಅಂದುಬಿಡುತ್ತಿದ್ದ. ಹತ್ತರಲ್ಲಿ ಒಂಬತ್ತು ಸಲ ಸರಿಯಾಗಿಯೇ ಹೇಳುತ್ತಿದ್ದ, ಸುಳ್ಳೇಕೆ ಹೇಳಬೇಕು. ಹತ್ತನೆಯದನ್ನು ಊರು ಮರೆಯುತ್ತಿತ್ತು, ಅವನೂ ಮರೆಯುತ್ತಿದ್ದ.

ಆ ಶೆಡ್ಡಿಗೊಂದು ಕಟ್ಟುಪಾಡಿತ್ತು. ಹನುಮೇಶ ಕೆಲಸ ಕಲಿತದ್ದು ಚಿಕ್ಕಜಾಜೂರಿನ ತಿಮ್ಮರಾಯಪ್ಪನ ಕೈಕೆಳಗೆ. ತಿಮ್ಮರಾಯಪ್ಪನ ಬಲಗೈಯ ಎರಡು ಬೆರಳನ್ನು ಓಡುತ್ತಿದ್ದ ಇಂಜಿನ್ನಿನ ಬೆಲ್ಟು ತಿಂದುಹಾಕಿತ್ತು. ಅಂದಿನಿಂದ ಆತನ ಶಿಷ್ಯರೆಲ್ಲ ಮೊದಲು ಇಂಜಿನ್ ಆಫ್ ಮಾಡಿಸಿ, ಕೀ ಕಿತ್ತು ಗೋಡೆಯ ಮೊಳೆಗೆ ತಗುಲಿಸಿ, ಆಮೇಲೆಯೇ ಬಾನೆಟ್ ಎತ್ತಬೇಕು. ಗುರು ತೀರಿಹೋಗಿ ಹನ್ನೆರಡು ವರ್ಷವಾದರೂ ಹನುಮೇಶ ಒಂದು ದಿನ ಇದನ್ನು ತಪ್ಪಿಸಿದವನಲ್ಲ. ಒಳ್ಳೆಯ ಕಟ್ಟುಪಾಡೇ. ಎಷ್ಟೋ ಬೆರಳುಗಳನ್ನು ಉಳಿಸಿದೆ.

ಫೆಬ್ರವರಿಯ ಒಂದು ಬುಧವಾರ ಬಾಲರಾಜು ತನ್ನ ಹಳೇ ಕಾರು ತಂದು ಶೆಡ್ಡಿನ ಮುಂದೆ ನಿಲ್ಲಿಸಿದ. ತಾಳ್ಯದಾಚೆಯ ಗೊಲ್ಲರಹಟ್ಟಿಯವನು, ಕುರಿ ಸಾಕುವವನು. ಆರು ವರ್ಷದ ಹಿಂದೆ ಹಿರಿಯೂರಿನ ಹತ್ತಿರ ಕುರಿ ದಾಟಿಸುವಾಗ ಲಾರಿಯೊಂದು ನುಗ್ಗಿ ಇಪ್ಪತ್ತು ಕುರಿ ಸತ್ತವು, ಇವನ ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. ಕಾಲು ಹೋದವನು ಕಾರು ಹೇಗೆ ಓಡಿಸುತ್ತಾನೆ ಅನ್ನುತ್ತೀರಾ? ಅದು ಆಟೋಮೆಟಿಕ್ ಗಾಡಿ. ಕ್ಲಚ್ ತುಳಿಯುವ ಕೆಲಸವಿಲ್ಲ, ಎಡಗಾಲಿನ ಹಂಗಿಲ್ಲ. ಜಿಲ್ಲಾ ಕೇಂದ್ರವಾದ ದುರ್ಗದ ಒಬ್ಬ ಮುದುಕ ಡಾಕ್ಟರು ಹದಿನೈದು ವರ್ಷ ಓಡಿಸಿ ಬಿಟ್ಟದ್ದನ್ನು ಇವನು ತಂದಿದ್ದ. ಮೀಟರಿನಲ್ಲಿ ಎರಡು ಲಕ್ಷ ಮೂವತ್ತು ಸಾವಿರ ಕಿಲೋಮೀಟರ್.

ತಂದದ್ದು ಶೋಕಿಗಲ್ಲ. ಹೆಂಡತಿ ದೀಪಾಳಿಗೆ ಎರಡೂ ಕಿಡ್ನಿ ನಿಂತುಹೋಗಿದ್ದವು. ಮಂಗಳವಾರ, ಶುಕ್ರವಾರ ದುರ್ಗಕ್ಕೆ ಕರೆದುಕೊಂಡು ಹೋಗಿ ಡಯಾಲಿಸಿಸ್ ಮಾಡಿಸಬೇಕು. ಅದು ತಪ್ಪಿದರೆ ಅವಳಿಲ್ಲ. ಅಷ್ಟೇ ಲೆಕ್ಕ.

"ಅಣ್ಣ, ಬೆಳಿಗ್ಗೆ ಡಿ ಗೇರಿಗೆ ಹಾಕಿದ್ರೆ ಗಾಡಿ ಸುಮ್ಕೆ ನಿಂತ್ಕಂಡು ಯೋಚ್ನೆ ಮಾಡ್ತೈತೆ," ಅಂದ ಬಾಲರಾಜು. "ನಾಕು ಎಣಿಸಾದ್ರಾಗೆ ದಡಕ್ ಅಂತ ಒದ್ದು ಹೊಂಡ್ತೈತೆ. ಏರು ಬಂತೋ, ಇಂಜಿನ್ ಒಂದೇ ಸಮ ಕೂಗ್ತೈತೆ, ಗಾಡಿ ಮಾತ್ರ ಮುಂದಕ್ಕೆ ಹೋಗಲ್ಲ."

"ಕೀ ಕೊಡು," ಅಂದ ಹನುಮೇಶ. ಮೊಳೆಗೆ ತಗುಲಿಸಿದ.

ಹನುಮೇಶನ ಹೆಂಡತಿ ಸುಮಾ ಹಿಂದಿನ ಮನೆಯಿಂದ ಬಂದು, ಗಂಡನ ಜೊತೆ ಕಾರಿನಲ್ಲಿ ಬಂದಿದ್ದ ದೀಪಾಳನ್ನು ಬೆಂಚಿನ ಮೇಲೆ ಕೂರಿಸಿದಳು. "ಕುಂತ್ಕಳವ್ವ, ಎಂಥ ಬಿಸ್ಲು," ಅಂತ ಒಂದು ಚೊಂಬು ಮಜ್ಜಿಗೆ ತಂದಳು. ದೀಪಾ ಒಂದು ಗುಟುಕು ಬಾಯಿಗೆ ಹಾಕಿಕೊಂಡಳು, ಕಣ್ಣು ಮುಚ್ಚಿ ಹಾಗೇ ಇಟ್ಟುಕೊಂಡಳು, ಆಮೇಲೆ ಎದ್ದು ಹೋಗಿ ಬೇವಿನ ಗಿಡದ ಬುಡಕ್ಕೆ ಉಗುಳಿದಳು. "ನೀರು ಗೀರು ಎಲ್ಲ ಸೇರಿ ದಿನಕ್ಕೆ ಮೂರು ಲೋಟ ಅಷ್ಟೇ ಅಕ್ಕ ನಂಗೆ. ಇವತ್ತಿಂದು ಆಗ್ಲೇ ಮುಗ್ದೈತೆ." ಸುಮಾ ಚೊಂಬನ್ನು ಸೆರಗಿನಡಿ ಮುಚ್ಚಿಕೊಂಡು ಒಳಗೆ ಹೋದಳು.

ಹನುಮೇಶ ತನ್ನ ಜೀವಮಾನದಲ್ಲಿ ಆಟೋಮೆಟಿಕ್ ಗಾಡಿ ಮುಟ್ಟಿದ್ದು ಮೂರೋ ನಾಲ್ಕೋ. ಅವೂ ಬ್ರೇಕಿಗೆ, ಬ್ಯಾಟರಿಗೆ ಬಂದವು. ಗೇರ್ ಗಾಡಿಯಲ್ಲಿ ಕಾಲು ಮಾಡುವ ಕೆಲಸವನ್ನು ಇಲ್ಲಿ ಕೆಂಪು ಆಯಿಲ್ ಮಾಡುತ್ತದೆ ಅನ್ನುವಷ್ಟು ಅವನಿಗೆ ಗೊತ್ತಿತ್ತು. ಆ ಆಯಿಲ್ ಎಷ್ಟಿದೆ ಅಂತ ಅಳೆಯುವ ಕಡ್ಡಿ, ಗೇಜನ್ನು ಎಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ ತೆಗೆದ. ಮೇಲಿನ ಗೆರೆಗೆ ಸರಿಯಾಗಿ ಮುಟ್ಟಿತ್ತು. ಬಣ್ಣ ಹೊಸ ಕೆಂಪಲ್ಲ, ಕಂದಿದ ಕೆಂಪು. ಮೂಸಿದ. ಒಗ್ಗರಣೆ ಸೀದ ವಾಸನೆ.

"ಹಟ್ಟಿ ಮುಂದೆ ನಿಲ್ಸಿದ ಜಾಗದಾಗೆ ಕೆಂಪಗೆ ಕಲೆ ಬಿದ್ದಿರ್ತೈತಣ್ಣ, ಕುರಿ ಕೊಯ್ದಂಗೆ," ಅಂದ ಬಾಲರಾಜು.

"ಅದು ಸ್ಟೇರಿಂಗ್ ಆಯಿಲ್ಲು ಕಣಪ್ಪ. ಅದೂ ಕೆಂಪೇ." ಸ್ಟೇರಿಂಗ್ ಆಯಿಲ್ಲಿನ ಡಬ್ಬಿ ನೋಡಿದ. ಒಂದು ಬೆರಳಷ್ಟು ಕಡಿಮೆಯಿತ್ತು. ಬೇಕಾದ ಸಾಕ್ಷಿ ಸಿಕ್ಕಿತಲ್ಲ, ತುಂಬಿಸಿ ಮುಚ್ಚಿದ. ಕಾರಿನ ಕೆಳಗೆ ಒಂದು ಗೋಣಿತಾಟು ಹಾಸಿಕೊಂಡು ಮಲಗಿ ನೋಡಿದ್ದರೆ ಐದು ನಿಮಿಷದ ಕೆಲಸ. ನೋಡಲಿಲ್ಲ. ಗೊತ್ತಿದ್ದವನು ಯಾಕೆ ನೋಡುತ್ತಾನೆ?

"ಆಯಿಲ್ ಫುಲ್ ಐತೆ," ಅಂತ ತೀರ್ಪು ಕೊಟ್ಟ. "ಗೇರ್ ಬಾಕ್ಸ್ ಒಳಗೆ ಪ್ಲೇಟು ಸವ್ದೋಗ್ಯಾವೆ. ಇಷ್ಟೊಂದು ಓಡಿರೋ ಗಾಡಿ, ಇನ್ನೇನಾಗ್ತೈತೆ? ಹಳೇ ಆಯಿಲ್ ಬದಲಾಯಿಸಾಕೆ ಹೋದ್ರೆ ಇರೋ ಜೀವಾನೂ ಹೋಗ್ತೈತೆ. ಹಂಗೇ ಓಡ್ಸು. ಒಂದು ತಿಂಗಳು ಬಂದ್ರೆ ನಿನ್ನ ಪುಣ್ಯ."

ಬಾಲರಾಜುವಿನ ಮುಖ ಇಳಿದುಹೋಯಿತು. ದೀಪಾ ಮಾತ್ರ, "ಇದ್ದಿದ್ದು ಇದ್ದಂಗೆ ಹೇಳಿದ್ರಲ್ಲಣ್ಣ, ಅಷ್ಟು ಸಾಕು. ಆಸ್ಪತ್ರೆಯಾಗೆ ಯಾರೂ ಹಿಂಗೆ ಹೇಳಲ್ಲ," ಅಂದಳು. ಆ ಮಾತಿಗೆ ಹನುಮೇಶನ ಎದೆ ಎರಡು ಅಂಗುಲ ಉಬ್ಬಿತು.

ಇಪ್ಪತ್ತಮೂರನೆಯ ದಿನ, ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಫೋನು. ದುರ್ಗದ ದಾರಿಯ ಏರಿನಲ್ಲಿ ಕಾರು ನಿಂತುಬಿಟ್ಟಿದೆ. ಹನುಮೇಶ ಬೈಕ್ ಹತ್ತಿ ಹೋದ. ಎಳನೀರು ಮಾರುವವನ ಹತ್ತಿರ ನಾಲ್ಕು ಜನ ಸೇರಿದ್ದರು. ಕಾರಿನ ಇಂಜಿನ್ ಓಡುತ್ತಿತ್ತು, ಗಾಜು ಏರಿಸಿ ಎ.ಸಿ. ಹಾಕಿದ್ದರು. ಒಳಗೆ ದೀಪಾ ಬಾಯಿ ತೆರೆದು ಉಸಿರೆಳೆಯುತ್ತಿದ್ದಳು, ಮುಖ ಊದಿ ಕಣ್ಣು ಸಣ್ಣಗಾಗಿದ್ದವು. ಕೀ ತಿರುಗಿಸಲು ಹೋದವನು ಅವಳನ್ನು ನೋಡಿ ಕೈ ಹಿಂದಕ್ಕೆ ತೆಗೆದುಕೊಂಡ. ಆ ಬಿಸಿಲಿನಲ್ಲಿ ಇರುವ ತಣ್ಣನೆಯ ಗಾಳಿಯನ್ನೂ ಹೇಗೆ ನಿಲ್ಲಿಸುವುದು? ಹುಟ್ಟಿದಾಗಿನಿಂದ ಮೊದಲ ಸಲ ಓಡುವ ಇಂಜಿನ್ನಿನ ಮೇಲೆ ಬಾನೆಟ್ ಎತ್ತಿ ಗೇಜ್ ಎಳೆದ.

ಗೇಜು ಒಣಗಿತ್ತು. ತುದಿಯಲ್ಲಿ ಕಾಡಿಗೆಯಂಥ ಒಂದು ಕಲೆ, ಅಷ್ಟೇ. ಮತ್ತೆ ಒರೆಸಿ ಅದ್ದಿದ. ಒಣ.

ಅಷ್ಟರಲ್ಲಿ ದುರ್ಗಕ್ಕೆ ಹೋಗುವ ಕಾರೊಂದು ನಿಂತಿತು. ನಾಲ್ವರೂ ಸೇರಿ ದೀಪಾಳನ್ನು ಎತ್ತಿ ಕೂರಿಸಿದರು. ಬಾಲರಾಜು ಹತ್ತುವ ಮುಂಚೆ ಎಳನೀರಿನವನ ಕಡೆ ತಿರುಗಿ, "ನಮ್ಮಣ್ಣ ಹೇಳಿದ್ದೂ ಹೇಳಿದ್ದೇ ಕಣ್ರಿ. ಒಂದು ತಿಂಗಳು ಬರಲ್ಲ ಅಂದಿದ್ರು, ಹಂಗೇ ಆತು ನೋಡ್ರಿ. ಹೊಳಲ್ಕೆರೆಯಾಗೆ ಇಂಥ ಮೆಕ್ಯಾನಿಕ್ ಇನ್ನೊಬ್ಬ ಇಲ್ಲ," ಅಂದ. ನಾಲ್ಕು ಜನ ಹೌದೌದೆಂದು ತಲೆಯಾಡಿಸಿದರು. ಹನುಮೇಶ ಗೇಜನ್ನು ಬಟ್ಟೆಯೊಳಗೆ ಸುತ್ತಿ ಹಿಡಿದುಕೊಂಡ.

ಅವರು ಹೋದ ಮೇಲೆ ಇಂಜಿನ್ ಆಫ್ ಮಾಡಿದ. ಒಂದು ಬೀಡಿ ಸೇದಿ ಮುಗಿಸಿ ಮತ್ತೆ ಗೇಜ್ ಅದ್ದಿದ. ಆಯಿಲ್ ಅರ್ಧಕ್ಕೆ ಬಂದಿತ್ತು. ಸ್ಟಾರ್ಟ್ ಮಾಡಿ ಅದ್ದಿದ, ಒಣ. ಆಫ್ ಮಾಡಿದ, ಮತ್ತೆ ಅರ್ಧ. ಆಗ ಗೊತ್ತಾಯಿತು. ಇಂಜಿನ್ ನಿಂತರೆ ಮೇಲೆಲ್ಲ ಓಡಾಡುವ ಆಯಿಲ್ ತಳಕ್ಕಿಳಿದು ಗೇಜಿಗೆ ತುಂಬಿದಂತೆ ಕಾಣುತ್ತದೆ, ಓಡುವಾಗ ಅಲ್ಲಿ ಏನೂ ಇರುವುದಿಲ್ಲ. ಇದನ್ನು ಓಡುವಾಗಲೇ ನೋಡಬೇಕಿತ್ತು. ಅವತ್ತು ಶೆಡ್ಡಿನಲ್ಲಿ ಕೀಯನ್ನು ಮೊಳೆಗೆ ತಗುಲಿಸಿ 'ಫುಲ್ ಐತೆ' ಅಂದಾಗಲೇ ಎರಡು ಲೀಟರ್ ಕಡಿಮೆಯಿತ್ತು.

ಈಗ ಕೆಳಗೆ ಮಲಗಿ ನೋಡಿದ. ರೇಡಿಯೇಟರಿಗೆ ಹೋಗುವ ಪೈಪಿನ ಕ್ಲಿಪ್ಪು ಸಡಿಲವಾಗಿ, ಸುತ್ತ ಎಲ್ಲ ಕೆಂಪಗೆ ತೊಯ್ದಿತ್ತು. ಸ್ಕ್ರೂಡ್ರೈವರಿನ ಎರಡು ತಿರುವು. ಎರಡು ಲೀಟರ್ ಆಯಿಲ್. ಅವತ್ತು ಇಷ್ಟು ಮಾಡಿದ್ದರೆ ಗಾಡಿ ಇನ್ನೂ ಎರಡು ವರ್ಷ ಓಡುತ್ತಿತ್ತು. ಇನ್ನೂ ಜೀವವಿದ್ದ ಪ್ಲೇಟುಗಳು ಆಯಿಲ್ ಇಲ್ಲದೆ ಇಪ್ಪತ್ತಮೂರು ದಿನದಲ್ಲಿ ಸುಟ್ಟು ಬೂದಿಯಾಗಿದ್ದವು. ಕೊಂಬೆ ಮುರಿಯುತ್ತದೆ ಅಂದಿದ್ದ, ಮುರಿಯಿತು ಅಂತ ಜನ ತಲೆದೂಗಿದರು. ಕೊಂಬೆ ಕಡಿದವನೇ ಕೆಳಗೆ ನಿಂತಿದ್ದ.

ಕಾರನ್ನು ಎಳೆಸಿಕೊಂಡು ಬಂದು ಶೆಡ್ಡಿನ ಹಿಂದೆ ನಿಲ್ಲಿಸಿದ. ಹೊಸ ಆಯಿಲ್ ಹಾಕಿ ನೋಡಿದ, ಚಕ್ರ ಅಲುಗಲಿಲ್ಲ. ಹಿರಿಯೂರಿನ ಗುಜರಿಗಳಲ್ಲಿ ಎರಡು ದಿನ ಅಲೆದು ಅದೇ ಕಂಪನಿಯ ಒಂದು ಗೇರ್ ಬಾಕ್ಸ್ ಹೊತ್ತು ತಂದ. ಅದು ಬೇರೆ ಮಾಡೆಲ್ಲಿನದು, ಕೂರಲಿಲ್ಲ. ಬಾಲರಾಜು ಬಂದು ನೋಡಿ, "ಬಿಡ್ರಣ್ಣ, ನೀವೇ ಕೈ ಬಿಟ್ಟ ಮ್ಯಾಲೆ ಇನ್ಯಾರ ಕೈಯಾಗಾಗ್ತೈತೆ," ಅಂದ. ಆಗ ಹೇಳಬಹುದಿತ್ತು. ಹಾಳಾದ ಮರ್ಯಾದೆ! ಇಪ್ಪತ್ತೆಂಟು ವರ್ಷದಿಂದ ಕಟ್ಟಿದ ಹೆಸರು ಒಂದು ಕ್ಲಿಪ್ಪಿಗೆ ಬಿದ್ದುಹೋಗುತ್ತದಲ್ಲ ಅಂತ ನುಂಗಿಕೊಂಡ.

ಅಲ್ಲಿಂದ ಮಂಗಳವಾರ, ಶುಕ್ರವಾರ ಬಸ್ಸು. ಹಟ್ಟಿಯಿಂದ ಯಾರದ್ದಾದರೂ ಬೈಕಿನಲ್ಲಿ ತಾಳ್ಯಕ್ಕೆ, ಅಲ್ಲಿಂದ ಹೊಳಲ್ಕೆರೆಗೆ, ಇಲ್ಲಿ ಇಳಿದು ದುರ್ಗದ ಬಸ್ಸಿಗೆ ಕಾಯಬೇಕು. ಕಾಯುವುದು ಹನುಮೇಶನ ಶೆಡ್ಡಿನ ಎದುರಿಗೇ. ಊರುಗೋಲಿನ ಬಾಲರಾಜು ಒಂದು ಕಡೆ, ಕಂಬಕ್ಕೆ ಒರಗಿದ ದೀಪಾ ಒಂದು ಕಡೆ. ಅವರು ಕಂಡ ಕೂಡಲೇ ಹನುಮೇಶ ಯಾವುದಾದರೂ ಲಾರಿಯ ಕೆಳಗೆ ನುಸುಳಿ ಮಲಗುತ್ತಿದ್ದ. ಸಂಜೆ ವಾಪಸ್ ಬರುವಾಗ ದೀಪಾಳಿಗೆ ಕಾಲ ಮೇಲೆ ನಿಲ್ಲಲೂ ಆಗುತ್ತಿರಲಿಲ್ಲ.

"ರೀ, ನಮ್ಮ ಓಮ್ನಿ ವ್ಯಾನು ಸುಮ್ನೆ ನಿಂತೈತಲ್ಲ," ಅಂದಳು ಸುಮಾ ಒಂದು ದಿನ. "ವಾರಕ್ಕೆರಡು ಸಲ ಆ ಹುಡುಗೀನ ದುರ್ಗಕ್ಕೆ ಬಿಟ್ಟು ಬಂದ್ರೆ ನಿಮ್ಮ ಗಂಟೇನು ಹೋಗ್ತೈತೆ?"

"ಕೆಲ್ಸ ಯಾರು ಮಾಡ್ತಾರೆ, ನಿಮ್ಮಪ್ಪನಾ?" ಅಂತ ರೇಗಿದ. ಸುಮಾ ಬೆಪ್ಪಾದಳು, ಹೀಗೆ ಮಾತಾಡುವ ಗಂಡಸಲ್ಲ ಅವನು. ಅವನ ಸಂಕಟ ಅವಳಿಗೇನು ಗೊತ್ತು? ಬಿಟ್ಟು ಬರುತ್ತೇನೆ ಅಂದರೆ 'ಯಾಕಣ್ಣ ಇಷ್ಟೊಂದು ಮಾಡ್ತೀರಿ' ಅಂತ ಬಾಲರಾಜು ಕೇಳುತ್ತಾನೆ. ಕೇಳಿದರೆ ಏನು ಹೇಳುವುದು? ಮುಂದಿನ ವಾರ ನೋಡಿದರಾಯಿತು ಅಂತ ಪ್ರತಿ ವಾರ ಅಂದುಕೊಂಡ.

ಒಂಬತ್ತನೆಯ ವಾರ, ಮೇ ತಿಂಗಳ ಉರಿ. ಶುಕ್ರವಾರ ದೀಪಾ ಹಟ್ಟಿಯಿಂದ ಹೊರಡಲೇ ಇಲ್ಲ. "ಬಸ್ಸಿನಾಗೆ ಸಾಯಾದ್ಕಿಂತ ಇಲ್ಲೇ ಮಲ್ಕಂತೀನಿ, ಮಂಗಳವಾರ ಹೋಗಾಣ," ಅಂದಳಂತೆ. ಭಾನುವಾರ ಎದೆಗೆ ನೀರು ತುಂಬಿಕೊಂಡಿತು. ಆಂಬುಲೆನ್ಸ್ ಬಂದು ಕರೆದುಕೊಂಡು ಹೊರಟಿತು, ದುರ್ಗ ಮುಟ್ಟುವ ಮುಂಚೆಯೇ ಉಸಿರು ನಿಂತಿತು. ಅವಳಿಗೆ ಮೂವತ್ತೊಂದು ವರ್ಷ.

ಕಾರ್ಯವೆಲ್ಲ ಮುಗಿದ ಮೇಲೆ ಬಾಲರಾಜು ಶೆಡ್ಡಿಗೆ ಬಂದ. ತಲೆ ಬೋಳಿಸಿದ್ದ. ಬೆಂಚಿನ ಮೇಲೆ ಕೂತು, "ಅಣ್ಣ, ಆ ಗಾಡೀನ ಗುಜರಿಗೆ ಹಾಕಿಬಿಡ್ರಿ, ನೋಡಾಕಾಗಲ್ಲ ನಂಗೆ," ಅಂದ. ಊರುಗೋಲನ್ನು ಗೋಡೆಗೆ ಒರಗಿಸಿ, "ದೀಪಾ ನಿಮ್ಮನ್ನ ಬಾಳ ನೆನಿಸ್ಕಣಾಳು. ನಂಗೆ ನಿಜ ಹೇಳಿದ್ದು ಹನುಮೇಶಣ್ಣ ಒಬ್ರೇ ಅನ್ನಾಳು," ಅಂದ.

ಹನುಮೇಶನಿಗೆ ಇನ್ನು ತಡೆಯಲಾಗಲಿಲ್ಲ. ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತು ಎಲ್ಲ ಹೇಳಿಬಿಟ್ಟ. ಗೇಜು, ಗೆರೆ, ಕ್ಲಿಪ್ಪು, ಎರಡು ಲೀಟರ್ ಆಯಿಲ್. ಹೇಳುತ್ತಾ ಹೇಳುತ್ತಾ ಅತ್ತ. "ನಂಗೆ ಗೊತ್ತಿರಲಿಲ್ಲ ಕಣಪ್ಪ, ನಂಗೆ ಗೊತ್ತಿರಲಿಲ್ಲ," ಅಂದ. ಸುಮಾ ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದಳು.

ಬಾಲರಾಜು ಹನುಮೇಶನ ಭುಜದ ಮೇಲೆ ಕೈಯಿಟ್ಟ. "ಅಳಬ್ಯಾಡ್ರಿ, ಎದ್ದೇಳ್ರಿ. ಮನುಷ್ಯ ಅಂದ ಮ್ಯಾಲೆ ತಪ್ಪಾಗ್ತೈತೆ. ನಾನೂ ರೋಡ್ ನೋಡ್ದೆ ಕುರಿ ದಾಟ್ಸಿ ಕಾಲು ಕಳ್ಕಂಡೆ. ಬೇಕಂತ ಯಾರು ಮಾಡ್ತಾರೆ?"

ಹನುಮೇಶ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಅಂದ್ರೆ ನಿಮಗೆ ಗೊತ್ತಾಗಿದ್ದು ಈಗೀಗನಾ, ಗಾಡಿ ಬಿಚ್ಚಿದಾಗ?" ಅಂತ ಕೇಳಿದ ಬಾಲರಾಜು.

ಇಲ್ಲಿ ಹೂಂ ಅಂದುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಸುಳ್ಳು ಹೇಳುವ ಶಕ್ತಿಯೂ ಅವನಲ್ಲಿ ಉಳಿದಿರಲಿಲ್ಲ. "ಇಲ್ಲಪ್ಪ. ಏರಿನಾಗೆ ನಿಂತಿತ್ತಲ್ಲ, ಆ ಶುಕ್ರವಾರ."

ಬಾಲರಾಜು ಕೈ ಬಿಡಿಸಿಕೊಂಡ. ತುಟಿ ಅಲುಗಿಸುತ್ತಾ ಬೆರಳು ಮಡಿಸಿ ಮಡಿಸಿ ಏನೋ ಎಣಿಸಿದ. ಕುರಿ ಎಣಿಸುವವನ ಲೆಕ್ಕ, ತಪ್ಪುವುದಿಲ್ಲ.

"ಆವತ್ತಿಂದ ಹದಿನೇಳು ಸಲ ಬಸ್ಸು ಹತ್ತಿದ್ಲು," ಅಂದ. "ಹದಿನೇಳು ಸಲಾನೂ ಇಲ್ಲೇ, ನಿಮ್ಮ ಮುಂದೇನೇ ನಿಂತಿದ್ಲು."

ಊರುಗೋಲು ಕಂಕುಳಿಗೆ ಕೊಟ್ಟುಕೊಂಡು ಎದ್ದು, ರಸ್ತೆ ದಾಟಿ, ತಾಳ್ಯದ ಬಸ್ಸು ಬರುವ ಜಾಗದಲ್ಲಿ ಹೋಗಿ ನಿಂತ. ಬಸ್ಸು ಬರಲು ಮುಕ್ಕಾಲು ಗಂಟೆಯಿತ್ತು. ಅಷ್ಟು ಹೊತ್ತೂ ಅವನು ಶೆಡ್ಡಿನ ಕಡೆಗೇ ನೋಡುತ್ತಾ ನಿಂತಿದ್ದ, ಹನುಮೇಶನಿಗೆ ಆವತ್ತು ನುಸುಳಿಕೊಳ್ಳಲು ಲಾರಿ ಯಾವುದೂ ಇರಲಿಲ್ಲ.